ಗಿಣಿ ಕಾಯುತ್ತಿದ್ದ ಮದುವೆ ಡಿವಿಡಿ

ಅಕ್ಕನ ಮದುವೆಯ ಡಿವಿಡಿ ಕೊನೆಗೂ ಸಿಕ್ಕಿದ್ದು ಭತ್ತದ ಗದ್ದೆಯಲ್ಲಿ. ಮುತ್ತಿನಕೊಪ್ಪದ ಅವಳ ಮನೆಯ ಕಪಾಟು, ಟ್ರಂಕು, ದೇವರ ಗೂಡು ಎಲ್ಲ ಜಾಲಾಡಿ ಸುಸ್ತಾಗಿ ಕೂತಿದ್ದಾಗ, ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ ಭಾವ ತಲೆ ಎತ್ತದೆ ಕೇಳಿದರು, "ಯಾವುದು, ಆ ಮದುವೆ ಕ್ಯಾಸೆಟ್ಟಾ? ಅದು ಗದ್ದೇಲಿ ಅದೆಯಲ್ಲೆ."

ತೆನೆ ಬಲಿಯುವ ಹೊತ್ತಿಗೆ ಗದ್ದೆಗೆ ಗಿಣಿಯ ಹಿಂಡು ಬೀಳುತ್ತದೆ. ಹಳೇ ಸಿಡಿಗಳ ನಡುತೂತಿಗೆ ದಾರ ಪೋಣಿಸಿ ಗಳಕ್ಕೆ ತೂಗಿಬಿಟ್ಟರೆ ಬಿಸಿಲಿಗೆ ಪಳಪಳ ಹೊಳೆಯುತ್ತವೆ, ಹಕ್ಕಿ ಹತ್ತಿರ ಬರುವುದಿಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದೇ. ಪ್ಲೇಯರ್ ಕೆಟ್ಟು ಗುಜರಿಗೆ ಹೋದ ಮೇಲೆ ಡಿಸ್ಕು ಇಟ್ಟುಕೊಂಡು ಎಂತ ಮಾಡುವುದು ಅಂತ ಭಾವ ಮನೆಯಲ್ಲಿದ್ದ ಸಿಡಿಯನ್ನೆಲ್ಲ ಒಟ್ಟು ಮಾಡಿ ಕಟ್ಟಿದ್ದರು. ಅದರಲ್ಲಿ ಅವರದೇ ಮದುವೆಯೂ ಇತ್ತು.

ಅಕ್ಕ ಸೆರಗು ಸಿಕ್ಕಿಸಿ ಗದ್ದೆಗೆ ಓಡಿದಳು. ನಾನು ಹಿಂದೆ, ನನ್ನ ಹಿಂದೆ ಭಾವ. ಡಿಸ್ಕಿನ ಮೇಲೆ ಅಚ್ಚು ಹಾಕಿದ್ದ ಮದುಮಕ್ಕಳ ಫೋಟೊ ಬಿಸಿಲಿಗೆ ಬೆಳ್ಳಗಾಗಿ, ಇಬ್ಬರ ಬಾಸಿಂಗ ಮಾತ್ರ ಕಾಣುತ್ತಿತ್ತು.

"ನಿಮಗೆ ಕಣ್ಣು ಕಾಣಲ್ವಾ? ಮದುವೇದು ಅಂತ ಬರ್ದಿಲ್ವಾ ಅದ್ರಾಗೆ?" ಅಕ್ಕ ಬದುವಿನ ಮೇಲಿಂದಲೇ ಕೂಗಿದಳು.

ಭಾವ ನನ್ನ ಕಡೆ ತಿರುಗಿ, "ಈ ವರ್ಷ ಒಂದೂ ಗಿಣಿ ಬರ್ಲಿಲ್ಲ ಮಾರಾಯ್ತಿ. ನಿನ್ನಕ್ಕನ ಮುಖ ನೋಡಿಯೇ ಹೋದ್ವು," ಅಂದರು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅಕ್ಕನೂ ನಗುತ್ತಿದ್ದಳೇನೋ. ಅವತ್ತು ಇಬ್ಬರೂ ನಗಲಿಲ್ಲ. ದಾರ ಉಜ್ಜಿ ಉಜ್ಜಿ ನಡುತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿತ್ತು.

ಆ ಡಿಸ್ಕು ಯಾಕೆ ಬೇಕಿತ್ತು ಅಂತ ಹೇಳಬೇಕು. ತಮ್ಮನ ಮದುವೆ ಎದುರಿಗಿತ್ತು. ಸೀತೂರಿನ ನಮ್ಮ ಮನೆಯಲ್ಲಿ ಅಪ್ಪ ಚಪ್ಪರಕ್ಕೆ ಕಂಬ ಕಡಿಸಿ ಆಗಿತ್ತು. ಆದರೆ ಮದುಮಗನನ್ನು ಹಸೆಗೆ ಕರೆಯುವ ಹಾಡು ಹೇಳುವವರು ಇರಲಿಲ್ಲ.

ಹಸೆ ಅಂದರೆ ಕೆಮ್ಮಣ್ಣು ಬಳಿದು ಚಿತ್ರ ಬರೆದ ಗೋಡೆಯ ಮುಂದೆ, ಚಾಪೆ ಹಾಸಿ ಅಕ್ಕಿ ಚೆಲ್ಲಿ, ಮದುವೆಯ ಹಿಂದಿನ ದಿನ ಮದುಮಕ್ಕಳನ್ನು ಕೂರಿಸಿ ಎಣ್ಣೆ ಅರಿಶಿನ ಹಚ್ಚುವ ಜಾಗ. ಮದುಮಗನಾಗಲಿ ಮದುಮಗಳಾಗಲಿ ಒಳಗಿನ ಕೋಣೆಯಲ್ಲಿ ಕಾಯಬೇಕು. ಹೆಂಗಸರು ಹೊರಗೆ ಕೂತು ಹಾಡು ಹೇಳಿ ಕರೆಯಬೇಕು. ಹಾಡು ಕೇಳಿ ತಾವೇ ಎದ್ದು ಬರಬೇಕು. ಕರೆಯುವವರು ಕೂತಲ್ಲಿಂದ ಏಳುವ ಹಾಗಿಲ್ಲ, ಕೈಹಿಡಿದು ತರುವ ಹಾಗಿಲ್ಲ. ಮುಂದೆ ಹೇಳುವವಳು ಒಬ್ಬಳು, ಹಿಂದೆ ಹೇಳುವವರು ಉಳಿದವರೆಲ್ಲ. ಅವಳು ಸಾಲು ಎತ್ತಿ ಕೊಡುತ್ತಾಳೆ, ಇವರು ಅದನ್ನೇ ಹಿಡಿದು ಹೇಳುತ್ತಾರೆ.

ನಮ್ಮ ಕೇರಿಯಲ್ಲಿ ಮುಂದೆ ಹೇಳುವವಳು ನಮ್ಮಮ್ಮ. ಯಾರ ಮನೆಯ ಮದುವೆಯಾದರೂ ಅವಳೇ. ಹಗಲೆಲ್ಲ ಎಸ್ಟೇಟಿನಲ್ಲಿ ಕಳೆ ಕೀಳುವ ಹೆಂಗಸು ಅವತ್ತು ಒಂದು ದಿನ ಎಲ್ಲರಿಗಿಂತ ದೊಡ್ಡವಳಾಗುತ್ತಿದ್ದಳು. ಎರಡು ವರ್ಷದ ಹಿಂದೆ ನಾಲಿಗೆಯಲ್ಲಿ ಹುಣ್ಣಾಗಿ, ಎಲೆ ಅಡಿಕೆಯ ಹುಣ್ಣು ಅಂತ ಅಸಡ್ಡೆ ಮಾಡಿ, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ನಾಲಿಗೆಯ ಅರ್ಧ ತೆಗೆದರು. ಕ್ಯಾನ್ಸರ್ ಅಂತ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಜೀವ ಉಳಿಯಿತು. ಬಾಯಿ ಈಗ ಒಂದು ಬೆರಳು ತೂರುವಷ್ಟೂ ತೆರೆಯುವುದಿಲ್ಲ, ತುಟಿ ಒಂದು ಕಡೆಗೆ ಎಳೆದುಕೊಂಡಿದೆ. ಗಂಟಲಿನಿಂದ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಬರೆಯಲು ಅವಳಿಗೆ ಮೊದಲೇ ಬರುವುದಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು ಅಂತ ನೀವು ಕೇಳಬಹುದು. ಶಾಲೆಯಲ್ಲಿ ನನ್ನ ಜೊತೆಯ ಮೇಷ್ಟ್ರೊಬ್ಬರು ಕೇಳಿಯೂ ಕೇಳಿದರು. ಆಗುತ್ತಿರಲಿಲ್ಲ. ಹಸೆ ಹಾಸದೆ ಆ ಹಾಡು ಬಾಯಲ್ಲಿ ಬರಬಾರದು, ಬಂದರೆ ಯಾವುದೋ ಮನೆಯ ಹಸೆ ಖಾಲಿ ಉಳಿಯುತ್ತದೆ ಅಂತ ನಮ್ಮವರ ನಂಬಿಕೆ. ಹಾಗಾಗಿ ಯಾರೂ ಕೂತು ಕಲಿತವರಿಲ್ಲ, ಕಲಿಸಿದವರಿಲ್ಲ. ಮದುವೆ ಮನೆಯಲ್ಲಿ ಹಾಡುವಾಗ ಫೋನು ಹಿಡಿಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಅಮ್ಮ ಇದ್ದೇ ಇರುತ್ತಾಳೆ ಅಂದುಕೊಂಡಿದ್ದೆವು. ಅಮ್ಮನ ಬಲಕ್ಕೆ ಕೂತು ಎಷ್ಟೋ ಮದುವೆಯಲ್ಲಿ ಹಿಂದೆ ಹೇಳಿದ ಚಿಕ್ಕಮ್ಮನನ್ನು ಕೇಳಿದರೆ, "ಎತ್ತಿ ಕೊಟ್ರೆ ಹೇಳ್ತೀನಿ ಮಗಾ, ಎತ್ತೋಕೆ ನಂಗೆಲ್ಲಿ ಬತ್ತದೆ?" ಅಂದುಬಿಟ್ಟಳು. ಅಪ್ಪ, "ಸ್ಪೀಕರಿನಲ್ಲಿ ಯಾವುದಾದ್ರೂ ಹಾಕಿ ಮುಗಿಸಿ," ಅಂದದ್ದಕ್ಕೆ ಅಮ್ಮ ಊಟದ ತಟ್ಟೆ ಸರಿಸಿ ಎದ್ದು ಹೋದಳು. ಕರೆಯದೆ ಬಂದು ಕೂರುವುದಾದರೆ ಅವನು ತನ್ನ ಮಗನಲ್ಲ ಅಂತ ಅವಳು ಕೈಯಲ್ಲೇ ಹೇಳಿದ್ದು ನಮಗೆಲ್ಲ ಅರ್ಥವಾಗಿತ್ತು.

ಅಕ್ಕನ ಮದುವೆ ಅದೇ ಮನೆಯಲ್ಲಿ ಆಗಿತ್ತು. ನಮ್ಮ ಕೇರಿಯಲ್ಲಿ ವಿಡಿಯೋ ಮಾಡಿಸಿದ್ದು ಆ ಮದುವೆ ಒಂದಕ್ಕೇ, ಅವಳನ್ನು ಹಸೆಗೆ ಕರೆದದ್ದು ಅದರಲ್ಲಿತ್ತು. ಅಮ್ಮ ಎರಡು ಬೆರಳಲ್ಲಿ ಗಾಳಿಯಲ್ಲಿ ಚಕ್ರ ಬರೆದು, ಆಮೇಲೆ ನನ್ನ ಎದೆಗೆ ಬೆರಳು ಒತ್ತಿದಳು. ಇವಳು ತರುತ್ತಾಳೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲ್ಲಿನ ಮುದ್ದೆಯಾದ ಅನ್ನ ತಿಂದು, ರಜೆಯಲ್ಲಿ ಅಮ್ಮನ ಪಕ್ಕದ ಸಾಲಿನಲ್ಲಿ ಕಾಫಿ ಕೊಯ್ದು, ಬಿಎಸ್ಸಿ ಮಾಡಿ ಬಿಎಡ್ ಮಾಡಿ ಕೊಪ್ಪದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಂಥವಳು ಮನೆಯಲ್ಲಿದ್ದರೆ ಟಿವಿ, ಮೋಟರು, ಬ್ಯಾಂಕಿನ ಮೆಸೇಜು, ಹಾಳಾದ ಡಿಸ್ಕು, ಎಲ್ಲ ಅವಳ ಪಾಲಿಗೆ. ಅಕ್ಕನಂತೂ ಗದ್ದೆಯಿಂದ ವಾಪಸು ಬರುವಾಗಲೇ ಶುರು ಮಾಡಿದ್ದಳು.

"ನೀನು ಅಮ್ಮನ ಹತ್ರ ಕೂತು ಕಲ್ತಿದ್ರೆ ಇದೆಲ್ಲ ಬೇಕಾಗ್ತಿತ್ತಾ?"

"ನೀನೇ ಕಲೀಬೋದಿತ್ತಲ್ಲೆ?"

"ನಾನು ಒಳಗೆ ಕೋಣೇಲಿ ಕೂತಿದ್ದೆ ಕಣೆ, ನನ್ನನ್ನೇ ಕರೀತಿದ್ರು. ನೀನೆಲ್ಲಿದ್ದಿ? ಪರೀಕ್ಷೆ ಅಂತ ಬೆಳಿಗ್ಗೆ ಬಂದು ಸಂಜೆ ಹೋದಿ."

"ಹೋಗಿದ್ದಕ್ಕೇ ಇವತ್ತು ಇದನ್ನ ತಗಂಡು ಹೋಗಕೆ ಒಬ್ಬಳಿದ್ದಾಳೆ," ಅಂದೆ. ಡಿಸ್ಕನ್ನು ಪಠ್ಯಪುಸ್ತಕದ ನಡುವೆ ಇಟ್ಟು ಬ್ಯಾಗಿಗೆ ಹಾಕಿ ಎದೆಗವಚಿಕೊಂಡು ಬಸ್ಸು ಹತ್ತಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಶಾಲೆಯ ಕಂಪ್ಯೂಟರಿನಲ್ಲೂ ಇಲ್ಲ. ಕೊಪ್ಪದಲ್ಲಿ ವಿಚಾರಿಸಿದರೆ, "ಮೇಡಂ, ಈಗ ಯಾರಿಟ್ಕೊಂಡಿದ್ದಾರೆ ಅದನ್ನ," ಅಂದರು. ಒಬ್ಬರು, ಶೃಂಗೇರಿಯಲ್ಲಿ ಹಿಂದೆ ಮದುವೆ ವಿಡಿಯೋ ಮಾಡುತ್ತಿದ್ದವರೊಬ್ಬರು ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಅವರ ಹಳೇ ಕಂಪ್ಯೂಟರ್ ಇನ್ನೂ ಇದೆ ಅಂದರು. ರಜೆ ಹಾಕಿ ಹೋದೆ.

ಅವರು ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಎಂತ ಮೇಡಂ ಇದು, ಗುಬ್ಬಚ್ಚಿ ಕಾಯೋಕೆ ಇಟ್ಟಿದ್ರಾ?"

"ಗಿಣಿ," ಅಂದೆ.

ಅವರು ನಕ್ಕರು. ಆಮೇಲೆ ಬಿರುಕು ಕಂಡು ನಗು ನಿಂತಿತು. "ಇದು ಒಳಗೆ ಹ್ಯಾಗೆ ತಿರುಗ್ತದೆ ಗೊತ್ತುಂಟಲ್ಲ? ಸಿಡಿದ್ರೆ ಚೂರು ಚೂರೇ. ಆಮೇಲೆ ನನ್ನ ಮೇಲೆ ಬರಬಾರದು."

ನನಗೆ ಅದಕ್ಕಿಂತ ಹೆಚ್ಚಿನ ಭಯ ಬೇರೆ ಇತ್ತು. ಡಿಸ್ಕಿನಲ್ಲಿ ಬರೆಯುವುದು ನಡುವಿನಿಂದ ಹೊರಗೆ. ಮದುವೆ ವಿಡಿಯೋ ಶುರುವಾಗುವುದೇ ಹಿಂದಿನ ದಿನದ ಶಾಸ್ತ್ರದಿಂದ. ಅಂದರೆ ನನಗೆ ಬೇಕಾದ ಹಾಡು ನಡುತೂತಿನ ಪಕ್ಕದಲ್ಲಿ, ಸರಿಯಾಗಿ ಬಿರುಕಿನ ಹತ್ತಿರವೇ ಇತ್ತು. ಮದುವೆ ದಿನದ ಊಟ, ಉಡುಗೊರೆ, ಗಂಡಿನ ಕಡೆಯವರ ಗ್ರೂಪ್ ಫೋಟೊ, ಎಲ್ಲ ಹೊರಗಿನ ಗಟ್ಟಿ ಭಾಗದಲ್ಲಿ ಸುಖವಾಗಿದ್ದವು.

"ನಿಧಾನಕ್ಕೆ ಓದೋ ಹಾಗೆ ಮಾಡೋಕೆ ಬರ್ತದಾ?" ಕೇಳಿದೆ.

"ಬರ್ತದೆ. ಆದ್ರೆ ಹೊತ್ತು ಹಿಡೀತದೆ."

"ಹಿಡೀಲಿ."

ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಬಿರುಕಿನ ಮೇಲೆ ಚಿಕ್ಕ ಟೇಪು ಅಂಟಿಸಿ, ತಟ್ಟೆ ಒಳಗೆ ತಳ್ಳಿದರು. ಗರ್ ಅಂತು, ಟಕ್ ಟಕ್ ಅಂತು, ಸುಮ್ಮನಾಯಿತು. ಮತ್ತೆ ಗರ್ ಅಂತು. ಪರದೆಯ ಮೇಲೆ ಫೈಲುಗಳು ತುಂಡು ತುಂಡಾಗಿ ಕಾಣಿಸಿದವು. ಮೊದಲನೇ ತುಂಡನ್ನು ಮಾತ್ರ ಎಳೆಯಿರಿ, ಉಳಿದದ್ದು ಆಮೇಲೆ ನೋಡೋಣ ಅಂದೆ. ಹಸಿರು ಪಟ್ಟಿ ತೆವಳತೊಡಗಿತು. ತೆವಳಿ ನಿಲ್ಲುವುದು, ಒಳಗೆ ಟಕ್ ಟಕ್ ಅನ್ನುವುದು, ಮತ್ತೆ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗುವುದು. ಜೆರಾಕ್ಸಿಗೆ ಬಂದವರಿಗೆ ಅವರು ಆಧಾರ್ ತೆಗೆದುಕೊಡುತ್ತ ನಡುನಡುವೆ ಬಂದು ಬಗ್ಗಿ ನೋಡುತ್ತಿದ್ದರು. ಅಕ್ಕ ಫೋನು ಮಾಡಿದಳು. "ಎಂತಾ ಆತೆ?" "ಆಗ್ತಾ ಅದೆ." "ಅರ್ಧ ಆತಾ?" "ಇಡೇ ಫೋನು."

ಪಟ್ಟಿ ಮುಕ್ಕಾಲು ದಾಟಿದಾಗ ಕರೆಂಟ್ ಹೋಯಿತು.

ಫ್ಯಾನು ನಿಂತಿತು. ಮೇಜಿನ ಕೆಳಗೆ ಯುಪಿಎಸ್ ಕೀಂ ಕೀಂ ಅನ್ನತೊಡಗಿತು.

"ಎಷ್ಟು ಹೊತ್ತು ತಡೀತದೆ ಇದು?"

"ಅದಕ್ಕೂ ನನ್ನ ಹಾಗೇ ಮೇಡಂ, ದಮ್ಮಿಲ್ಲ."

ಅವರು ಮಾನಿಟರಿನ ಬೆಳಕು ಕಡಿಮೆ ಮಾಡಿದರು. ಕೀಂ ಕೀಂ ಹತ್ತಿರ ಹತ್ತಿರವಾಯಿತು. ಬಾಗಿಲಲ್ಲಿ ಯಾರೋ "ಕಲರ್ ಜೆರಾಕ್ಸ್ ಉಂಟಾ?" ಅಂದದ್ದಕ್ಕೆ ಅವರು ತಿರುಗದೆ ಕೈ ಅಡ್ಡ ಹಿಡಿದರು. ಪಟ್ಟಿ ತುಂಬಿ ಮಾಯವಾಯಿತು. ಫೈಲು ಬಂದಿತ್ತು. ನನ್ನ ಪೆನ್‌ಡ್ರೈವಿಗೆ ಅದನ್ನು ಹಾಕಿ ಕಿತ್ತುಕೊಂಡದ್ದೂ ಪರದೆ ಕಪ್ಪಾದದ್ದೂ ಹೆಚ್ಚುಕಡಿಮೆ ಒಟ್ಟಿಗೆ.

ಕರೆಂಟ್ ಬಂದ ಮೇಲೆ ಉಳಿದ ತುಂಡುಗಳಿಗೆ ಮತ್ತೆ ಹಾಕಿದರೆ, ಡ್ರೈವ್ ಒಳಗೆ ಕರಕ್ ಅಂದಿತು. ತಟ್ಟೆ ಎಳೆದಾಗ ಬಿರುಕು ಅಂಚಿನವರೆಗೂ ಓಡಿತ್ತು. ಇನ್ನು ಅದು ಯಾವ ಯಂತ್ರಕ್ಕೂ ಹೋಗುವುದಿಲ್ಲ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಫೈಲು ಹಚ್ಚಿದೆ. ಚಪ್ಪರ ಬಂತು. ವಾಲಗದವರು ಬಂದರು. ಹಸೆಗೋಡೆ. ಅದರ ಮುಂದೆ ಹೆಂಗಸರ ಸಾಲು, ನಡುವೆ ಅಮ್ಮ. ಹಸಿರು ಸೀರೆ, ಕೆಂಪು ಬಾಯಿ, ಹಣೆ ತುಂಬ ಕುಂಕುಮ. ಎಡಗೈ ಕಿವಿಗಿಟ್ಟು ಬಾಯಿ ಪೂರ್ತಿ ತೆರೆದು ಹಾಡುತ್ತಿದ್ದಾಳೆ. ಕೇಳುತ್ತಿರುವುದು ಸಿನಿಮಾ ಹಾಡು.

ವಾಲ್ಯೂಮ್ ಏರಿಸಿದೆ. ಇಳಿಸಿದೆ. ಹಿಂದೆ ಹೋಗಿ ಮತ್ತೆ ಹಚ್ಚಿದೆ. ಗಿಟಾರು, ಪಿಟೀಲು, ಯಾರೋ ಗಂಡು ಯಾರೋ ಹೆಣ್ಣು. ಅಮ್ಮನ ಒಂದು ಅಕ್ಷರವಿಲ್ಲ.

ಅಂಗಡಿಯವರು ನನ್ನ ಮುಖ ನೋಡಿ ಹತ್ತಿರ ಬಂದರು. ನೋಡಿದವರೇ ಬೆನ್ನು ನೇರ ಮಾಡಿದರು. "ಹೌದು ಮೇಡಂ. ಆಗ ಎಲ್ಲರೂ ಹಾಗೇ ಮಾಡ್ತಿದ್ವಿ. ವಾಲಗ, ಮಕ್ಕಳು ಅಳೋದು, ಜಗಳ, ಎಲ್ಲ ಕೇಳ್ತದೆ ಅಂತ ಸೌಂಡ್ ತೆಗೆದು ಹಾಡು ಕೂರಿಸೋದು. ಜನರೇ ಕೇಳ್ತಿದ್ರು, ಒಳ್ಳೇ ಹಾಡು ಹಾಕಿ ಅಂತ."

"ಮೊದಲಿನ ಟೇಪು ಇರಬಹುದಾ?"

"ಅದರ ಮೇಲೆ ಮುಂದಿನ ವಾರದ ಮದುವೆ ತೆಗೆದಿರ್ತಾರೆ."

ಬಸ್ಸಿನಲ್ಲಿ ಬರುವಾಗ ಅಕ್ಕನ ಫೋನು ಬರುತ್ತಲೇ ಇತ್ತು. ತೆಗೆಯಲಿಲ್ಲ. ಇದನ್ನು ಅಮ್ಮನಿಗೆ ಹೇಗೆ ಹೇಳುವುದು ಅನ್ನುವುದೊಂದೇ ತಲೆಯಲ್ಲಿ. ಸಿಕ್ಕಲೇ ಇಲ್ಲ ಅನ್ನಬಹುದಿತ್ತು. ಆದರೆ ಹದಿನೈದು ವರ್ಷದ ಹಿಂದಿನ ಅವಳ ಮುಖ ಬ್ಯಾಗಿನಲ್ಲಿತ್ತು. ಅದನ್ನು ಮುಚ್ಚಿಡುವ ಧೈರ್ಯ ನನಗೆ ಬರಲಿಲ್ಲ.

ಮನೆಯಲ್ಲಿ ಅಕ್ಕ ಆಗಲೇ ಬಂದು ಕೂತಿದ್ದಳು. ಚಿಕ್ಕಮ್ಮ ಅರಿಶಿನ ಕುಟ್ಟುತ್ತಿದ್ದಳು. ಅಮ್ಮ ನನ್ನನ್ನು ಕಂಡವಳೇ ಕೈ ತೊಳೆದು ಬಂದು ಎದುರಿಗೆ ಕೂತಳು. ನಾನು ಲ್ಯಾಪ್‌ಟಾಪ್ ತೆರೆದೆ. ಸಿನಿಮಾ ಹಾಡು ಶುರುವಾಯಿತು. ಪರದೆಯ ಮೇಲೆ ತನ್ನನ್ನು ಕಂಡು ಅಮ್ಮ ಒಂದು ಸಲ ಬಾಯಿಗೆ ಸೆರಗು ಒತ್ತಿದಳು. ಆಮೇಲೆ ಕಿವಿಯ ಹತ್ತಿರ ಕೈ ಆಡಿಸಿದಳು. ಈ ಗಲಾಟೆ ತೆಗಿ, ನನ್ನದು ಹಾಕು.

"ಅದರಾಗೆ ನಿಂದು ಇಲ್ಲಮ್ಮಾ," ಅಂದೆ. "ತೆಗ್ದುಬಿಟ್ಟಿದ್ದಾರೆ."

ಅವಳಿಗೆ ಅರ್ಥವಾಗಲಿಲ್ಲ. ಬಾಯಿ ಆಡುತ್ತಿದೆಯಲ್ಲ, ಮತ್ತೆ ಇಲ್ಲ ಅಂದರೇನು? ಸಿಟ್ಟಿನಿಂದ ಮತ್ತೆ ಕೈ ಆಡಿಸಿದಳು. ನಾನು ಸದ್ದು ಪೂರ್ತಿ ನಿಲ್ಲಿಸಿದೆ. ಪರದೆಯಲ್ಲಿ ಅಮ್ಮ ಸದ್ದಿಲ್ಲದೆ ಹಾಡತೊಡಗಿದಳು.

ಒನಕೆ ಹಿಡಿದೇ ನೋಡುತ್ತ ನಿಂತಿದ್ದ ಚಿಕ್ಕಮ್ಮನ ತುಟಿ ಅಲುಗಿತು. "ಕಂಬ ತಂದೋರ್ಗೆ ಮಣೆ ಹಾಕಿ, ಸೊಪ್ಪು ತಂದೋರ್ಗೆ ನೀರು ಕೊಡಿ..."

ಪರದೆಯ ಬಾಯಿಗಿಂತ ಒಂದು ಉಸಿರು ಹಿಂದೆ, ಮದುವೆ ಮನೆಯಲ್ಲಿ ಹೇಳುವ ಹಾಗೆಯೇ. ನಾನೂ ಅಕ್ಕನೂ ತಿರುಗಿ ನೋಡಿದೆವು. ಚಿಕ್ಕಮ್ಮ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಹಸೆ ಹಾಕಿಲ್ಲ! ಬಾಯಿಗೆ ಬಂದೇಬಿಡ್ತಲ್ಲೆ!"

"ನಿಂಗೆ ಬರಲ್ಲ ಅಂದಿದ್ದೆಯಲ್ಲ ಚಿಕ್ಕಮ್ಮ?" ಅಕ್ಕ ಕೇಳಿದಳು.

"ಬರಲ್ಲ ಕಣೆ. ಅವಳ ಬಾಯಿ ನೋಡಿ ಹೇಳಿದ್ದು. ವಾಲಗದ ಸದ್ದಿನಾಗೆ ಕಿವಿಗೆಲ್ಲಿ ಕೇಳ್ತದೆ? ಯಾವಾಗ್ಲೂ ಬಾಯಿ ನೋಡೇ ಹೇಳ್ತಿದ್ದದ್ದು."

ಅಮ್ಮ ಎದ್ದಳು. ಅವಳ ಮುಖ ಬಿಗಿದಿತ್ತು. ಹಸೆಯಿಲ್ಲದೆ ಹಾಡಿದ್ದಕ್ಕೆ ತಂಗಿಗೆ ಹೊಡೆದೇ ಬಿಡುತ್ತಾಳೆ ಅಂದುಕೊಂಡೆ. ಅವಳು ಒಳಗೆ ಹೋಗಿ ಚಾಪೆ ತಂದು ಗೋಡೆಯ ಮುಂದೆ ಹಾಸಿದಳು. ಒಂದು ಮುಷ್ಟಿ ಅಕ್ಕಿ ಚೆಲ್ಲಿದಳು. ನನ್ನ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲೆ ಇಟ್ಟು, ಕುಂಕುಮದ ಬೊಟ್ಟು ಇಟ್ಟಳು. ಆಮೇಲೆ ಚಿಕ್ಕಮ್ಮನ ರಟ್ಟೆ ಹಿಡಿದು ಎದುರಿಗೆ ಕೂರಿಸಿದಳು.

ಅವತ್ತಿಡೀ ಮಧ್ಯಾಹ್ನ ಅದೇ ಆಯಿತು. ನಾನು ಹಿಂದೆ ಮುಂದೆ ಮಾಡುತ್ತಿದ್ದೆ, ಚಿಕ್ಕಮ್ಮ ಬಾಯಿ ನೋಡಿ ಹೇಳುತ್ತಿದ್ದಳು, ತಪ್ಪಿದರೆ ಅಮ್ಮ ತೊಡೆಗೆ ಬಡಿಯುತ್ತಿದ್ದಳು. ನಾನೂ ಅಕ್ಕನೂ ಹಿಂದೆ ಹೇಳಿದೆವು. ನುಡಿಯ ಮೇಲೆ ನುಡಿ ಬಂತು. ಕಂಬ ತಂದವರು, ಸೊಪ್ಪು ತಂದವರು, ಅಕ್ಕಿ ಕುಟ್ಟಿದವರು, ನೀರು ಹೊತ್ತವರು, ಎಲ್ಲರಿಗೂ ಹೇಳಿ ಆದ ಮೇಲೆ ಇನ್ನೇನು ಕೋಣೆಯೊಳಗಿನ ಮಗಳನ್ನು ಕರೆಯಬೇಕು, ಅಷ್ಟರಲ್ಲಿ ಕ್ಯಾಮೆರಾ ಊಟದ ಪಂಕ್ತಿಗೆ ಹೋಗಿಬಿಟ್ಟಿತು. ಯಾರೋ ನೆಂಟರು ಪಾಯಸ ಸುರಿದುಕೊಳ್ಳುತ್ತಿದ್ದರು. ಕ್ಯಾಮೆರಾ ಕಂಡು ನಕ್ಕರು. ಇನ್ನೊಬ್ಬರು ಹಪ್ಪಳ ತೋರಿಸಿದರು. ಮತ್ತೆ ಅಮ್ಮನ ಕಡೆ ಬರುವ ಹೊತ್ತಿಗೆ ಅಕ್ಕ ಹಸೆಯ ಮೇಲೆ ಕೂತಾಗಿತ್ತು, ಹಾಡು ಎಣ್ಣೆ ಅರಿಶಿನಕ್ಕೆ ಬಂದಿತ್ತು.

"ಅಲ್ಲಿಂದೆಂತ ಚಿಕ್ಕಮ್ಮ?" ಅಂದೆ.

"ಬಾಯಿ ಕಾಣ್ಬೇಕಲ್ಲೆ ಮಾರಾಯ್ತಿ! ಆ ಹಾಳು ಪಾಯಸ ನೋಡಿ ಎಂತ ಹೇಳ್ಲಿ?"

ಅಮ್ಮ ತಾನೇ ಹೇಳಲು ನೋಡಿದಳು. ಕುತ್ತಿಗೆಯ ನರ ಉಬ್ಬಿತು. ಎಳೆದ ತುಟಿಯಿಂದ ಬಂದ ಸದ್ದಿಗೆ ರಾಗವಿತ್ತು, ಮಾತಿರಲಿಲ್ಲ. ಚಿಕ್ಕಮ್ಮ ಅವಳ ಮುಖಕ್ಕೆ ಮುಖ ತಂದು ನೋಡಿದಳು, ತಲೆ ಅಲ್ಲಾಡಿಸಿದಳು. ಅಮ್ಮ ಮತ್ತೆ ಹೇಳಿದಳು. ಚಿಕ್ಕಮ್ಮ ಅಳತೊಡಗಿದಳು. ಅಮ್ಮ ಲ್ಯಾಪ್‌ಟಾಪ್ ಮುಚ್ಚಿ, ಚಾಪೆ ಸುತ್ತಿ, ಅಕ್ಕಿ ಬಳಿದು ತೆಗೆದಳು. ಕರೆಯುವ ನುಡಿಯೇ ಇಲ್ಲದ ಮೇಲೆ ಉಳಿದದ್ದು ಎಂತಕೆ ಅಂತ ಅವಳ ಬೆನ್ನೇ ಹೇಳುತ್ತಿತ್ತು. ಆಮೇಲೆ ಚಿಕ್ಕಮ್ಮ ನನ್ನ ಜೊತೆ ಕೂತು ಎಷ್ಟು ಸಲ ನೋಡಿದರೂ ಅಮ್ಮ ಆ ಕಡೆ ಸುಳಿಯಲಿಲ್ಲ. ಹಾಡು ಹೇಳಿಸುವುದೋ ಬಿಡುವುದೋ ಅಂತ ಅಪ್ಪ ಕೇಳಿದರೆ ಕೊಡ ಎತ್ತಿಕೊಂಡು ನೀರಿಗೆ ಹೊರಟಳು.

ಶಾಸ್ತ್ರದ ದಿನ ಚಪ್ಪರದಲ್ಲಿ ಜನ ತುಂಬಿದ್ದರು. ತಮ್ಮ ಒಳಗೆ ಕೋಣೆಯಲ್ಲಿ ಪಂಚೆ ಉಟ್ಟು ಕಾಯುತ್ತಿದ್ದ. ವಾಲಗ ಶುರುವಾಯಿತು. ಹೆಂಗಸರು ಬಂದು ಕೂತರು. ಅಮ್ಮ ಯಾವಾಗಲಿನ ಜಾಗದಲ್ಲೇ, ಸಾಲಿನ ನಡುವೆ ಕೂತಳು. ಚಿಕ್ಕಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅಮ್ಮ ನೆಲ ನೋಡುತ್ತಿದ್ದಳು. ಯಾರೋ ಹಿಂದಿನಿಂದ, "ಶುರು ಮಾಡ್ರೇ, ಹುಡುಗ ಒಳಗೇ ಮುದುಕ ಆಗ್ತಾನೆ," ಅಂದರು.

ಚಿಕ್ಕಮ್ಮ ಕಣ್ಣು ಮುಚ್ಚಿ ಎತ್ತಿದಳು. ಧ್ವನಿ ನಡುಗಿತು, ಆಮೇಲೆ ಹಿಡಿಯಿತು. ನಾವು ಹಿಂದೆ ಹೇಳಿದೆವು. ಕಂಬ ತಂದವರಿಗೆ ಮಣೆ ಹಾಕಿ ಆಯಿತು. ಸೊಪ್ಪು ತಂದವರಿಗೆ ನೀರು ಕೊಟ್ಟಾಯಿತು. ಒಂದೊಂದು ನುಡಿ ಮುಗಿದ ಹಾಗೂ ಆ ಖಾಲಿ ಜಾಗ ಹತ್ತಿರ ಬರುತ್ತಿತ್ತು. ನೀರು ಹೊತ್ತವರ ನುಡಿ ಮುಗಿಯಿತು. ಚಿಕ್ಕಮ್ಮ ಹಾಡು ನಿಲ್ಲಿಸಿದಳು. ನಾವೂ ನಿಲ್ಲಿಸಿದೆವು. ವಾಲಗ ಒಂದೇ ಕೇಳುತ್ತಿತ್ತು. ಕೋಣೆಯ ಬಾಗಿಲಲ್ಲಿ ತಮ್ಮನ ಕಾಲ ಬೆರಳು ಕಾಣುತ್ತಿತ್ತು. ಕರೆಯದೆ ಅವನು ಹೊಸಿಲು ದಾಟುವ ಹಾಗಿಲ್ಲ.

ಅಮ್ಮ ಎದ್ದು ನಿಂತಳು. ಹಿರಿಯ ಹೆಂಗಸೊಬ್ಬಳು ಅವಳ ಸೆರಗು ಜಗ್ಗಿದಳು, "ಏ, ಕರೆಯೋಳು ಏಳ್ಬಾರದು ಕಣೆ!" ಅಮ್ಮ ಸೆರಗು ಬಿಡಿಸಿಕೊಂಡಳು. ಹಸೆ ದಾಟಿ, ಜನ ದಾಟಿ ಕೋಣೆಯ ಬಾಗಿಲಿಗೆ ಹೋಗಿ, ಒಳಗೆ ಕೈ ಚಾಚಿದಳು. ತಮ್ಮ ಗಾಬರಿಯಿಂದ ಅಪ್ಪನ ಕಡೆ ನೋಡಿದ. ಅಮ್ಮ ಅವನ ಮಣಿಕಟ್ಟು ಹಿಡಿದು ಎಳೆದಳು. ಹೊಸಿಲು ದಾಟಿಸಿದಳು. ನಡೆಸಿಕೊಂಡು ಬಂದು, ಎರಡೂ ಭುಜ ಒತ್ತಿ ಹಸೆಯ ಮೇಲೆ ಕೂರಿಸಿದಳು.

ಆಮೇಲೆ ಅವಳು ನಡುವಿನ ತನ್ನ ಜಾಗಕ್ಕೆ ಹೋಗದೆ, ಬಂದು ನನ್ನ ಪಕ್ಕ, ಹಿಂದೆ ಹೇಳುವವರ ಸಾಲಿನಲ್ಲಿ ಕೂತಳು. ಚಿಕ್ಕಮ್ಮನ ಕಡೆ ನೋಡಿ ಗದ್ದ ಎತ್ತಿದಳು. ಚಿಕ್ಕಮ್ಮ ಎಣ್ಣೆ ಅರಿಶಿನದ ನುಡಿ ಎತ್ತಿದಳು. ನಾವು ಹಿಂದೆ ಹೇಳಿದೆವು. ಅಮ್ಮನ ಗಂಟಲಿನ ಸದ್ದೂ ನಮ್ಮ ಜೊತೆ ಇತ್ತು.